ಗಂಡಸರ ಹದ್ದು

ಉಚ್ಚಿಲದ ಕುಶಲಾ ಮದುವೆಯಾಗಿ ಬಂದ ವರ್ಷದಿಂದಲೂ ಕೊಕ್ಕರೆಯ ಬೆನ್ನೇರಿ ಮೀನು ಮಾರುತ್ತಿದ್ದಳು. ಆನೆಗಾತ್ರದ ಹಕ್ಕಿಗಳು ಜನರನ್ನು ಹೊತ್ತು ಹಾರುವ ಆ ಕರಾವಳಿಯಲ್ಲಿ ಹೆಂಗಸರಿಗೆ ಕೊಕ್ಕರೆ, ಗಂಡಸರಿಗೆ ಹದ್ದು ಎಂಬುದು ಅವರು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಕೊಕ್ಕರೆ ಸಾಧು, ಸೀರೆಗೂ ಅನುಕೂಲ ಎನ್ನುತ್ತಿದ್ದರು. ಮಂಜುಗಡ್ಡೆ ತುಂಬಿದ ಬುಟ್ಟಿಗಳನ್ನು ಕಟ್ಟಿಕೊಂಡು ಎದುರುಗಾಳಿಯಲ್ಲಿ ಬೆಳ್ಮಣ್‌ವರೆಗೆ ಹಾರುವುದು ಎಂಥ ಸಾಧು ಕೆಲಸವೆಂದು ಯಾರೂ ಕೇಳಿರಲಿಲ್ಲ. ಹದ್ದಿನವರದು ಗಂಭೀರ ಉದ್ಯೋಗ. ಕಪ್ಪು ಕನ್ನಡಕ ಹಾಕಿ ಸಮುದ್ರದ ಮೇಲೆ ಸುತ್ತುವುದು, ಮೀನಿನ ಹಿಂಡು ಕಂಡರೆ ಬೋಟಿನವರಿಗೆ ಫೋನ್ ಮಾಡುವುದು, ಇಳಿದ ಮೇಲೆ ಚಹಾ ಕುಡಿಯುತ್ತ ಎತ್ತರದ ಬಗ್ಗೆ ಮಾತಾಡುವುದು.

ಕುಶಲಾಳ ಗಂಡ ಭೋಜ. ಅವನ ಹದ್ದಿನ ಹೆಸರು ಭೀಮ. ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಭೋಜ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ.

"ಭೀಮನನ್ನು ನಾನೇ ಹಾರಿಸುತ್ತೇನೆ," ಎಂದಳು ಕುಶಲಾ.

"ನಿನಗೆಂತ ಮರುಳಾ? ಅದು ಹೆಂಗಸರ ಮಾತು ಕೇಳುವ ಹಕ್ಕಿ ಅಲ್ಲ."

"ಇಷ್ಟು ವರ್ಷ ಅದಕ್ಕೆ ಮೀನು ಹಾಕಿದ್ದು ಯಾರು? ನೀವಾ?"

ಭೋಜ ಗೋಡೆಯ ಕಡೆ ಹೊರಳಲು ನೋಡಿದ. ಸೊಂಟ ಬಿಡಲಿಲ್ಲ.

ಮರುದಿನ ಉಚ್ಚಿಲದ ದಡದಲ್ಲಿ ಭೀಮನನ್ನೇರಲು ಹೊರಟ ಅವಳನ್ನು ಹದ್ದು ಸವಾರರ ಸಂಘದ ಅಧ್ಯಕ್ಷ ಜಿತೇಂದ್ರ ತಡೆದ.

"ಕುಶಲಕ್ಕ, ಬೇಸರ ಮಾಡಬೇಡಿ. ಹೆಂಗಸು ಕೂತರೆ ಗಂಡುಹಕ್ಕಿಗೆ ನಾಚಿಕೆಯಾಗಿ ರೆಕ್ಕೆ ಸೋಲುತ್ತದೆ."

"ಅದೇ ಬಂದು ನಿಮ್ಮ ಹತ್ತಿರ ಹೇಳಿತಾ ಜಿತೇಂದ್ರಣ್ಣ?"

ಅಷ್ಟು ಕೇಳಿದವಳೇ ಭೀಮನ ಬೆನ್ನೇರಿ ಹಾರಿದಳು. ಬುಟ್ಟಿಯ ಭಾರವಿಲ್ಲದ ಹಾರಾಟ ಅವಳಿಗೆ ಅದೇ ಮೊದಲು. ಕಾಪುವಿನ ದೀಪಸ್ತಂಭ ಕಾಲಡಿಯಲ್ಲಿ ಸರಿದಾಗ ಅವಳು ಗಟ್ಟಿಯಾಗಿ ನಕ್ಕಳು. ಇಷ್ಟು ಸುಖದ ಕೆಲಸಕ್ಕೆ ಇವರು ಮನೆಗೆ ಬಂದು ಕಾಲು ಒತ್ತಿಸಿಕೊಳ್ಳುತ್ತಿದ್ದರಲ್ಲ ಎಂದು ಸಿಟ್ಟೂ ಬಂತು. ಅಷ್ಟರಲ್ಲಿ ನೀರು ಕಪ್ಪಾಗಿ ಕದಲಿತು. ಬಂಗುಡೆಯ ಹಿಂಡು! ಅವಳ ಫೋನಿಗೆ ಓಡಿಬಂದ ಬೋಟುಗಳೆಲ್ಲ ತುಂಬಿಹೋದವು.

"ಭೀಮನ ಕಣ್ಣೆಂದರೆ ಕಣ್ಣು ಮಾರಾಯ," ಎಂದ ಜಿತೇಂದ್ರ. ಅಂದು ಸಂಜೆಯೇ, ಹೆಂಗಸರು ಹದ್ದೇರಬಾರದೆಂದು ನಿರ್ಣಯ ಮಾಡಲು ದಡದಲ್ಲಿ ಸಭೆ ಕರೆದ.

ಸಭೆಯಲ್ಲಿ ಅವನು ಗಂಡು ಹಕ್ಕಿಯ ಪೌರುಷದ ಬಗ್ಗೆ ಮಾತಾಡುತ್ತಿರುವಾಗ ಭೀಮ ಮರಳು ಕೆದರಿ ಕುಳಿತಿತು. ಎಬ್ಬಿಸಿದರೆ ಏಳಲಿಲ್ಲ. ಕೊನೆಗೆ ತಾನಾಗಿ ಎದ್ದಾಗ ಅಡಿಯಲ್ಲಿ ನೀರಿನ ಕೊಡದಷ್ಟು ದೊಡ್ಡ ಮೊಟ್ಟೆ ಇತ್ತು.

"ಬೇರೆ ಯಾವುದೋ ಹಕ್ಕಿ ಇಟ್ಟು ಹೋಗಿರಬೇಕು," ಎಂದ ಜಿತೇಂದ್ರ.

ಉಡುಪಿಯಿಂದ ಪಶುವೈದ್ಯೆ ಆನ್ಸಿಲ್ಲಾ ಬಂದರು. ಮಾನ ಉಳಿಸಿಕೊಳ್ಳಲು ಜಿತೇಂದ್ರ ತನ್ನ ಹದ್ದು ದುರ್ಯೋಧನನನ್ನೂ ಪರೀಕ್ಷೆಗೆ ಒಪ್ಪಿಸಿದ. ಆನ್ಸಿಲ್ಲಾ ಸಾಲಾಗಿ ನಿಂತಿದ್ದ ಹದ್ದುಗಳನ್ನೆಲ್ಲ ನೋಡಿ ಕೈ ತೊಳೆದುಕೊಂಡರು.

"ಎಲ್ಲವೂ ಹೆಣ್ಣು. ಗಂಡು ಹದ್ದು ಚಿಕ್ಕದು, ಮನುಷ್ಯರನ್ನು ಹೊರುವ ಶಕ್ತಿ ಅದಕ್ಕಿಲ್ಲ."

ನಿರ್ಣಯ ಅಲ್ಲಿಗೇ ನಿಂತಿತು. ಮುಂದಿನ ಮಳೆಗಾಲದೊಳಗೆ ಉಚ್ಚಿಲದ ಹೆಂಗಸರು ಒಬ್ಬೊಬ್ಬರಾಗಿ ಹದ್ದೇರಿದರು. ಕುಶಲಾ ಭೀಮನ ಹೆಸರು ಬದಲಿಸಲಿಲ್ಲ. ಕರೆದರೆ ಬರುತ್ತದಲ್ಲ, ಸಾಕು ಎಂದಳು.

ಹದ್ದು ಲೇಡೀಸ್ ಹಕ್ಕಿಯೆಂದು ಗಂಡಸರಿಗೆ ಆಗ ಹೊಳೆಯಿತು. ಜಿತೇಂದ್ರ ದುರ್ಯೋಧನನನ್ನು ಮಾರಿ ಒಂದು ಭಾರಿ ಬಾವಲಿ ತಂದ. ಅದು ಹಗಲಿಡೀ ತಲೆಕೆಳಗಾಗಿ ನೇತಾಡಿ, ಕತ್ತಲಾದ ಮೇಲೆ ಹಾರುತ್ತದೆ. ಆ ಹೊತ್ತಿನಲ್ಲಿ ಒಂದು ಮೀನೂ ಕಾಣುವುದಿಲ್ಲ.

"ಮೀನು ಬಿಡಿ," ಎನ್ನುತ್ತಾನೆ ಅವನು, "ಗಂಡಸರಿಗೆ ಒಂದು ಗತ್ತು ಉಂಟಲ್ಲ?"