ಈರಬಸಪ್ಪನ ಕೊರಳಲ್ಲಿದ್ದ ಬೀಗದಕೈ

ನಾನು ಕಸ ಗುಡಿಸುತ್ತಿದ್ದ ತಾಲ್ಲೂಕು ಕಚೇರಿಗೆ ತಹಸೀಲ್ದಾರರು ಬರುತ್ತಿದ್ದರು, ಹೋಗುತ್ತಿದ್ದರು. ಈರಬಸಪ್ಪ ಮಾತ್ರ ಅಲುಗಲಿಲ್ಲ. ಆತ ದಾಖಲೆ ಕೋಣೆಯ ಗುಮಾಸ್ತ. ಊರೂರಿನ ಪಹಣಿ ಪುಸ್ತಕಗಳೆಲ್ಲ ಕೆಂಪು ಬಟ್ಟೆಯ ಗಂಟುಗಳಾಗಿ ಆ ಕೋಣೆಯಲ್ಲಿದ್ದವು. ಅದರ ಬೀಗದಕೈಯನ್ನು ಆತ ಕೊರಳಿನ ಶಿವದಾರಕ್ಕೇ, ಲಿಂಗದ ಕರಡಿಗೆಯ ಪಕ್ಕದಲ್ಲೇ ಕಟ್ಟಿಕೊಂಡಿದ್ದ. ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ನಕಲು ಕೇಳಿ ಬಂದವರಿಗೆ ಒಂದೇ ಮಾತು, "ನಾಳೆ ಬರ್ರಿ." ಆ ನಾಳೆ ಕೆಲವರಿಗೆ ಮಕ್ಕಳ ಕಾಲಕ್ಕೆ ಬಂತು.

ಎಪ್ಪತ್ತಾರನೇ ಇಸವಿಯಲ್ಲಿ ಶಿವಗಂಗಮ್ಮ ಎಂಬಾಕೆ ಹೊಸದಾಗಿ ಕೆಲಸಕ್ಕೆ ಬಂದಳು. ಉಳುವವನಿಗೇ ಭೂಮಿ ಎಂದು ಅರ್ಜಿಗಳು ಮೂಟೆಗಟ್ಟಲೆ ಬೀಳುತ್ತಿದ್ದ ಕಾಲ. ಈಕೆಯೂ ಕೋಣೆ ತೆಗೆದು ದಾಖಲೆ ನೋಡಬಹುದೆಂದು ಸಾಹೇಬರು ಸಹಿ ಹಾಕಿಕೊಟ್ಟರು. ಈರಬಸಪ್ಪ ಕಾಗದವನ್ನು ಎರಡು ಸಲ ಓದಿ, ಕಣ್ಣಿಗೊತ್ತಿಕೊಂಡು, ಜೇಬಿಗಿಳಿಸಿದ.

"ಅಪ್ಪಣೆ ಆಗೈತೆ, ನಾನು ಬ್ಯಾಡ ಅನ್ನಲ್ಲ ತಂಗಿ. ಆದ್ರೆ ಇದು ಪೂಜೆ ಆಗಿರೋ ದಾರ. ಬಿಚ್ಚಿ ಇನ್ನೊಬ್ರಿಗೆ ಕೊಡಕೆ ಬರ್ತೈತಾ? ನೀನೂ ಲಿಂಗ ಕಟ್ಟಿದೋಳು, ನೀನೇ ಹೇಳು."

ಆಕೆ ಎಂಟು ದಿನ ಆದೇಶವಿದ್ದೂ ಬಾಗಿಲ ಹೊರಗೇ ಕುಳಿತಳು.

ಒಂಬತ್ತನೇ ದಿನ ಬಾಗೂರು ಕಡೆಯ ಕುರಿಗಾಹಿ ಮನೆಯ ಜುಂಜಮ್ಮ ಏದುಸಿರು ಬಿಡುತ್ತಾ ಬಂದಳು. ಗಂಡ ತೀರಿಹೋಗಿದ್ದ. ಅವರು ಗೇಣಿಗೆ ಮಾಡುತ್ತಿದ್ದ ಎರಡೆಕರೆ ಹೊಲದ ವಿಚಾರಣೆ ಅವತ್ತೇ ಮೂರು ಗಂಟೆಗೆ. ಗಂಡನ ಹೆಸರಿರುವ ಪಹಣಿಯ ನಕಲು ತೋರಿಸದಿದ್ದರೆ ಹೊಲ ಒಡೆಯನ ಪಾಲು. ತಿಂಗಳಿಂದ ನಾಳೆ, ನಾಳೆ ಎಂದು ತಿರುಗಿದ್ದಳು.

"ಊಟದ ಹೊತ್ತಾತು. ನಾಳೆ ಬಾರಮ್ಮ."

"ನಾಳೆ ಬಂದು ಏನ್ ನೋಡ್ಲಿ ಸ್ವಾಮಿ? ನನ್ ಹೊಲದಾಗೆ ಅವ್ರು ನೇಗಿಲು ಹೂಡೋದನ್ನಾ?"

ಶಿವಗಂಗಮ್ಮ ಎದ್ದು ಬಂದಳು. "ಅಣ್ಣಾರೆ, ದಾರ ಬಿಚ್ಚಬ್ಯಾಡ್ರಿ. ಬಗ್ಗ್ರಿ ಸಾಕು."

"ಏನಂದೆ?"

"ಬಗ್ಗ್ರಿ. ಬಾಗಿಲು ತೆಗೆಯೋಕೆ ನಂಗೆ ಅಪ್ಪಣೆ ಐತಲ್ಲ."

ಕಚೇರಿಗೆ ಕಚೇರಿಯೇ ನೋಡುತ್ತಿತ್ತು. ಪೂಜೆಯ ಮಾತು ತಾನೇ ಆಡಿದ್ದು, ನುಂಗುವಂತಿಲ್ಲ. ಬೀಗವೋ ಬಾಗಿಲ ಬುಡದಲ್ಲಿ, ದಾರವೋ ಎದೆಯ ತನಕ. ಈರಬಸಪ್ಪ ಹಾಲು ಕುಡಿಯುವ ಕುರಿಮರಿಯಂತೆ ಮಂಡಿಯೂರಿ ಬಾಗಿಲಿಗೆ ಕೊರಳು ಕೊಟ್ಟ. ಆಕೆ ಬೀಗದಕೈ ತಿರುವಿದಳು. ಗಂಟು ಸಿಕ್ಕಿತು, ಗಂಡನ ಹೆಸರೂ ಸಿಕ್ಕಿತು. ನಕಲಿಗೆ ಮೊಹರು ಬಿದ್ದಾಗ ಎರಡೂವರೆ. ಜುಂಜಮ್ಮ ಶಾಯಿ ಆರುವ ಮೊದಲೇ ಕಾಗದ ಹಿಡಿದು ಓಡಿದಳು.

ಸುದ್ದಿ ಹಬ್ಬಿ, ಸಂಜೆಯೊಳಗೆ ಇನ್ನೂ ಏಳು ಜನ ಸಾಲು ನಿಂತರು. ಏಳು ಸಲವೂ, "ಬಗ್ಗ್ರಿ ಅಣ್ಣಾರೆ."

ಮರುದಿನ ಬೀಗದಕೈ ಗೋಡೆಯ ಮೊಳೆಯಲ್ಲಿತ್ತು. "ಮಠದಾಗೆ ಕೇಳ್ದೆ. ಬಿಚ್ಚಬೌದಂತೆ" ಎಂದ ಈರಬಸಪ್ಪ. ರಾತ್ರಿಯೆಲ್ಲ ಮಂಡಿಗೆ ಎಣ್ಣೆ ತಿಕ್ಕುತ್ತಾ ಮನೆಯಲ್ಲೇ ಬಿದ್ದಿದ್ದವನಿಗೆ ಮಠ ಯಾವ ಹೊತ್ತಿನಲ್ಲಿ ಸಿಕ್ಕಿತೋ.

ಹೊಲ ಜುಂಜಮ್ಮನಿಗೇ ಆಯಿತು. ಈರಬಸಪ್ಪ ಸಾಯುವ ತನಕ ಸಿಕ್ಕವರಿಗೆಲ್ಲ ಹೇಳುತ್ತಿದ್ದ, "ಆಯಮ್ಮಂಗೆ ಜಮೀನು ಕೊಡ್ಸಿದೋನು ನಾನೇ." ಸುಳ್ಳೇನಲ್ಲ. ಯಾವ ಭಂಗಿಯಲ್ಲಿ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಿದ್ದ.