ರಸೀನಾ ತೆರೆದು ನೋಡದ ಫೋಟೋಗಳು

ಮಸ್ಕತ್ತಿನ ಹಮ್ರಿಯಾದಲ್ಲಿ ಅನ್ಸಾರನ ಹೊಲಿಗೆ ಅಂಗಡಿಗೆ ಹೋದರೆ ಮುಂದೆ ಎರಡು ಮಿಷನ್ನು, ಗೋಡೆಯ ತುಂಬ ಕಪ್ಪು ಅಬಾಯ, ಹಿಂದೆ ಅಳತೆ ಕೊಡುವ ಹೆಂಗಸರಿಗೆಂದು ಒಂದು ಪರದೆ. ಆ ಪರದೆಯ ಹಿಂದೆ ಅವನ ಹೆಂಡತಿ ರಸೀನಾ ಕೂತು ಮೊಬೈಲ್ ರಿಪೇರಿ ಮಾಡುತ್ತಾಳೆ. ಬೀದಿ ತುಂಬ ಮೊಬೈಲ್ ಅಂಗಡಿಗಳಿರುವಾಗ ಬ್ಲೌಸು ಹೊಲಿಯುವವನ ಹತ್ತಿರ ಫೋನು ತರುವವರು ಯಾರು ಎಂದು ಕೇಳಬೇಡಿ. ಹೆಂಗಸರು ತರುತ್ತಾರೆ. ಹೆಂಗಸಿನ ಫೋನು ಕೈಗೆ ಸಿಕ್ಕರೆ ಒಡೆದ ಗಾಜು ನೋಡುವ ಮೊದಲು ಒಳಗಿನ ಫೋಟೋ ನೋಡುವ ಗಂಡಸರು ಎಲ್ಲ ಊರಿನಲ್ಲೂ ಇದ್ದಾರೆ. ಖಾಕಿ ತೊಟ್ಟು ಅದೇ ಕೆಲಸ ಮಾಡಿದವರನ್ನು ನಾನು ನಮ್ಮೂರ ಠಾಣೆಗಳಲ್ಲಿ ಕಂಡಿದ್ದೇನೆ.

ರಸೀನಾ ವಿಟ್ಲದ ಕಡೆಯ ಬ್ಯಾರಿ ಹುಡುಗಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಪರೀಕ್ಷೆ ಮುಗಿದ ತಿಂಗಳಿಗೇ ನಿಕಾಹ್ ಮಾಡಿಕೊಂಡು ಮಸ್ಕತ್ತಿಗೆ ಬಂದಳು. ಹತ್ತು ವರ್ಷ ಅನ್ನ ಬೇಯಿಸಿದಳು, ಮೂರು ಹೆತ್ತಳು. ಕೊರೊನಾ ಬಂದು ಅಂಗಡಿಗೆ ಬಾಗಿಲು ಬಿದ್ದಾಗ, ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕಟ್ಟಡದವರ ಹಳೇ ಫೋನುಗಳನ್ನೆಲ್ಲ ಬಿಚ್ಚಿ ಜೋಡಿಸಿಕೊಟ್ಟಳು. ಅಲ್ಲಿಂದ ಶುರುವಾದ ಕಸುಬು ಇದು.

ಅವಳ ಕಸುಬಿಗೆ ಒಂದೇ ಕಟ್ಟಳೆ. ಗಿರಾಕಿಯ ಫೋಟೋ ತೆರೆಯುವುದಿಲ್ಲ. ಕ್ಯಾಮೆರಾ ಸರಿಯಾಗಿದೆಯೇ ಎಂದು ನೋಡಲು ತನ್ನ ಕತ್ತರಿಯ ಫೋಟೋ ತೆಗೆದು ಅಳಿಸುತ್ತಾಳೆ. ಒಂದು ಫೋನಿಂದ ಇನ್ನೊಂದಕ್ಕೆ ದಾಟಿಸುವಾಗ ಎಷ್ಟಿವೆ ಎಂದು ಎಣಿಕೆ ನೋಡುತ್ತಾಳೆಯೇ ಹೊರತು ಏನಿವೆ ಎಂದು ನೋಡುವುದಿಲ್ಲ. ಒಮಾನಿ ಹೆಂಗಸರು, ಮನೆಗೆಲಸದವರು, ನರ್ಸುಗಳು ಅವಳನ್ನು ಹುಡುಕಿಕೊಂಡು ಬರುವುದು ಇದೊಂದೇ ಕಾರಣಕ್ಕೆ. ಅವಳಿಗೆ ಅದರ ಬಗ್ಗೆ ಸೊಕ್ಕೂ ಇತ್ತು. ಇರಲಿ, ಸೊಕ್ಕು ಪಡುವಂಥದ್ದೇ.

ಇನ್ನೊಂದು ಹುಚ್ಚೂ ಇತ್ತು. ಕಂಪನಿ ಕೈಬಿಟ್ಟ ಹಳೇ ಫೋನುಗಳಿಗೆ ಓಪನ್ ಸೋರ್ಸ್ ಹಾಕಿ ಕೊಡುವುದು. ಅಂದರೆ ಫೋನನ್ನು ನಡೆಸುವ ತಂತ್ರಾಂಶವನ್ನು ಪೂರ್ತಿ ಕಿತ್ತು, ಯಾವ ಒಂದು ಕಂಪನಿಗೂ ಸೇರದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಇನ್ನೊಂದನ್ನು ಕೂರಿಸುವುದು. ಗಿರಾಕಿಗಳಿಗೆ ಇದನ್ನು ಅವಳು ಗಂಡ ಹೊಲಿದ ಬಟ್ಟೆ ಹಿಡಿದು ಪಾಠ ಮಾಡುತ್ತಿದ್ದಳು.

"ಈ ರೆಡಿಮೇಡ್ ಬ್ಲೌಸ್ ನೋಡಿ. ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿದ್ದಾರಾ? ಇಲ್ಲ. ನೀವು ದಪ್ಪ ಆದ್ರೆ ಬಿಸಾಡ್ಬೇಕು, ಹೊಸತು ತಗೊಳ್ಬೇಕು. ಇದು ಇವ್ರು ಹೊಲಿದದ್ದು. ಒಳಗೆ ಬಟ್ಟೆ ಉಂಟು, ಹೊಲಿಗೆ ಕಾಣ್ತದೆ. ಯಾವ ಟೈಲರ್ ಹತ್ರ ಹೋದ್ರೂ ಬಿಚ್ಚಿ ಹೊಲಿದು ಕೊಡ್ತಾನೆ. ಓಪನ್ ಸೋರ್ಸ್ ಅಂದ್ರೆ ಇಷ್ಟೇ."

ಹೊರಗಿನಿಂದ ಅನ್ಸಾರ್ ಕೂಗುತ್ತಿದ್ದ, "ಬೇರೆ ಟೈಲರ್ ಹತ್ರ ಯಾಕೆ ಕಳಿಸ್ತಿ ಮಾರಾಯ್ತಿ?"

ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ಅದರಲ್ಲಿ ಕೆಲವು ಬ್ಯಾಂಕಿನ ಆ್ಯಪುಗಳು ಓಡುವುದಿಲ್ಲ, ಅದನ್ನು ಅವಳು ಮೊದಲೇ ಹೇಳಿಬಿಡುತ್ತಿದ್ದಳು. ಹೊಳೆಯುವ ಹೊಸ ಫೋನೇ ಬೇಕೆನ್ನುವವರು ಎದ್ದು ಹೋಗುತ್ತಿದ್ದರು. ಹಳೇ ಫೋನನ್ನೇ ಇನ್ನೂ ನಾಲ್ಕು ವರ್ಷ ಎಳೆಯಬೇಕಾದವರು, ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಎಂದು ಕುತ್ತಿಗೆ ತುರಿಸಿಕೊಳ್ಳುವವರು ಕೂತು ಕೇಳುತ್ತಿದ್ದರು. ಕೆಂಚವ್ವ ಅಂಥವಳು.

ಕೆಂಚವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನು. ಊರಲ್ಲಿ ಸಾರಾಯಿ ಅಂಗಡಿಗಳ ಮುಂದೆ ಧರಣಿ ಕೂತು ಬೆನ್ನು ಮುರಿಸಿಕೊಂಡಿದ್ದೆ. ಈ ದೇಶದಲ್ಲಿ ಬೀದಿಯಲ್ಲಿ ಕೂರಲು ಬರುವುದಿಲ್ಲ, ಹಾಗಾಗಿ ಓದು ಬಾರದವರಿಗೆ ಅರ್ಜಿ ಬರೆದುಕೊಡುತ್ತೇನೆ, ಅದಕ್ಕೇ ಇಲ್ಲಿ ಎಲ್ಲರಿಗೂ ನಾನು ಟೀಚರ್. ಕೆಂಚವ್ವ ಗದಗದ ಕಡೆಯವಳು, ನಲವತ್ತು ದಾಟಿದ ಗಂಡನಿಲ್ಲದ ಹೆಂಗಸು. ಘಾಲಾದ ಕಾರ್ಖಾನೆಗಳಿಗೆ ಊಟ ಕಳಿಸುವ ಒಂದು ಕೇಟರಿಂಗ್ ಕಂಪನಿಯ ಅಡಿಗೆಮನೆಯಲ್ಲಿ ಕೆಲಸ. ಎರಡು ತಿಂಗಳ ಹಿಂದೆ ಪೂರಿ ಕರಿಯುವ ಕಡಾಯಿ ವಾಲಿ ಬಲಗೈ ಮೇಲೆ ಎಣ್ಣೆ ಬಿದ್ದಿತ್ತು. ಕಂಪನಿಯವರು ಮುಲಾಮು ತಂದು ಹಚ್ಚಿದರು, ಆಸ್ಪತ್ರೆಗೆ ಒಯ್ಯಲಿಲ್ಲ. ಗಾಯ ಮಾಗುತ್ತ ಚರ್ಮ ಬಿಗಿದು ಮೂರು ಬೆರಳು ಅಂಗೈಗೆ ಅಂಟಿಕೊಂಡವು. ಕೊನೆಗೆ ತಾನೇ ಹೋಗಿ ತೋರಿಸಿದಾಗ ಡಾಕ್ಟರು ಹೇಳಿದ್ದು ಇಷ್ಟು: ಬೇಗ ಆಪರೇಷನ್ ಮಾಡಿದರೆ ಬೆರಳು ಬಿಡಿಸಬಹುದು, ತಡವಾದರೆ ಹೀಗೇ ಉಳಿಯುತ್ತದೆ.

ಆಪರೇಷನ್ ಕಂಪನಿ ಮಾಡಿಸಬೇಕು. ಕಂಪನಿಯೋ, ಅವಳು ರೂಮಿನಲ್ಲಿ ತನ್ನ ರೊಟ್ಟಿ ಸುಟ್ಟುಕೊಳ್ಳುವಾಗ ಕೈ ಸುಟ್ಟುಕೊಂಡಳು ಎನ್ನುತ್ತಿತ್ತು. ಅದಕ್ಕೊಂದು ಇಂಗ್ಲಿಷ್ ಕಾಗದ, ಕೆಳಗೆ ಅವಳ ಎಡಗೈ ಹೆಬ್ಬೆಟ್ಟು. ನಮ್ಮ ಕೈಯಲ್ಲಿದ್ದದ್ದು ಅವಳ ಫೋನಿನ ಫೋಟೋಗಳು ಮಾತ್ರ. ಎಣ್ಣೆ ಬಿದ್ದ ಗಳಿಗೆಯಲ್ಲೇ ಜೊತೆಯವಳು ತೆಗೆದದ್ದು. ಸುಟ್ಟ ಕೈ, ಕಂಪನಿಯ ಹಸಿರು ಏಪ್ರನ್ನು, ಹಿಂದೆ ವಾಲಿದ ಕಡಾಯಿ, ತಾರೀಖು, ಸಮಯ. ಅಡಿಗೆಮನೆಯಲ್ಲೇ ಆದದ್ದು ಎನ್ನಲು ಇನ್ನೇನು ಬೇಕು? ಜೊತೆಯವಳು ಬಾಯಿ ಬಿಡುವುದಿಲ್ಲ, ಅವಳಿಗೂ ಹೊಟ್ಟೆಯಿದೆ.

ಆ ಫೋಟೋಗಳು ಒಂದೊಂದಾಗಿ ಮಾಯವಾಗುತ್ತಿದ್ದವು.

"ಹನ್ನೊಂದು ಇದ್ವು ರೀ. ಈಗ ನಾಕ್ ಉಳದಾವ," ಎಂದಳು ಕೆಂಚವ್ವ ರಸೀನಾಳಿಗೆ. "ನಾ ಅಂತೂ ಅಳಿಸಿಲ್ಲ. ಫೋನಿಗೆ ದೆವ್ವ ಬಡದೈತೇನ್ರಿ?"

ರಸೀನಾ ಫೋನಿನ ಸೆಟ್ಟಿಂಗ್ ತೆರೆದು ನೋಡಿದಳು. "ಇದ್ರ ಅಕೌಂಟ್ ಯಾರು ಮಾಡಿದ್ದು?"

"ಕ್ಯಾಂಪಿನ ಸೂಪರ್ವೈಸರ್ ಅಫ್ರಾಜ್. ನಾವು ಬಂದಾಗ ಎಲ್ಲಾರಿಗೂ ಅವನ ಮಾಡಿಕೊಟ್ಟ. ಪಾಸ್ವರ್ಡ್ ಅವನ ಹತ್ರ ಐತಿ. ನಮಗೆ ಅದೆಲ್ಲ ಎಲ್ಲಿ ಬರಬೇಕ್ರಿ?"

ಗಲ್ಫಿನ ಲೇಬರ್ ಕ್ಯಾಂಪುಗಳ ರೀತಿಯೇ ಇದು. ಫೋನು ಕೊಂಡವಳು ಒಬ್ಬಳು, ಅದರ ಬೀಗದ ಕೈ ಇನ್ನೊಬ್ಬನ ಜೇಬಿನಲ್ಲಿ. ಉಪಕಾರ ಎಂದೇ ಎಲ್ಲರೂ ತಿಳಿದಿರುತ್ತಾರೆ.

"ದೆವ್ವ ಅಲ್ಲ ಕೆಂಚವ್ವ," ಎಂದಳು ರಸೀನಾ. "ನಿಮ್ಗೆ ವೀಸಾ ಕೊಟ್ಟ ಕಫೀಲ್ ಹೇಗೋ, ಈ ಫೋನಿಗೂ ಒಬ್ಬ ಕಫೀಲ್ ಉಂಟು. ನೀವು ತೆಗೆದ ಫೋಟೋ ಎಲ್ಲ ಅಫ್ರಾಜನಿಗೆ ಆ ಅಕೌಂಟಲ್ಲಿ ಕಾಣ್ತದೆ. ನೀವು ಎಲ್ಲಿ ಹೋಗ್ತೀರಿ ಅಂತಲೂ ಕಾಣ್ತದೆ. ಅವನು ಅಲ್ಲಿ ಅಳಿಸಿದ್ರೆ ನಿಮ್ಮ ಕೈಯಲ್ಲೂ ಅಳಿಸಿ ಹೋಗ್ತದೆ."

"ನಿಮ್ಮೂರ ಕಡೆಯವನ ಅಲ್ಲೇನ್ರಿ ಅವ?"

"ನಮ್ಮೂರಲ್ಲಿ ಕಳ್ಳರಿಲ್ಲ ಅಂತ ಬೋರ್ಡ್ ಹಾಕಿದ್ದೇವಾ? ಓಪನ್ ಸೋರ್ಸ್ ಹಾಕಿ ಕೊಡ್ತೇನೆ. ಅದಕ್ಕೆ ಯಾರ ಅಕೌಂಟೂ ಬೇಡ. ಯಾರನ್ನೂ ಕೇಳ್ಲಿಕ್ಕಿಲ್ಲ, ಯಾರಿಗೂ ಹೇಳ್ಲಿಕ್ಕಿಲ್ಲ." ಬ್ಲೌಸಿನ ಪಾಠವೂ ಆಯಿತು.

"ಅಂದ್ರ ನಂದು ರೆಡಿಮೇಡ ಏನ್ರಿ?"

"ನಿಮ್ದು ಅಫ್ರಾಜನ ಅಳತೆಗೆ ಹೊಲಿದದ್ದು."

ಕೆಂಚವ್ವ ನಕ್ಕಳು. ಆ ಎರಡು ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಶುಕ್ರವಾರ ಅವಳಿಗೆ ರಜೆ. ಭಾನುವಾರ ಲೇಬರ್ ಆಫೀಸಿನಲ್ಲಿ ನಮ್ಮ ದೂರಿನ ವಿಚಾರಣೆ. ಶುಕ್ರವಾರವೇ ಫೋನು ಬದಲಾಗಬೇಕು, ಫೋಟೋಗಳ ಪ್ರತಿಯನ್ನೂ ಅಂದೇ ತೆಗೆದರಾಯಿತು ಎಂದು ಮಾತಾಡಿಕೊಂಡೆವು. ಜುಮಾ ನಮಾಜು ಮುಗಿದು ಅಂಗಡಿ ತೆರೆದ ಮೇಲೆ ಮೂವರೂ ಪರದೆಯ ಹಿಂದೆ ಕೂತೆವು. ರಸೀನಾ ಮೊದಲು ಸಿಮ್ ತೆಗೆದಳು, ಇಂಟರ್ನೆಟ್ಟು ಕಡಿದಳು, ಅಫ್ರಾಜನಿಗೆ ಸುಳಿವು ಸಿಗಬಾರದೆಂದು. ಆಮೇಲೆ ಹೇಳಿದಳು, "ಹೊಸತು ಹಾಕುವಾಗ ಒಳಗಿದ್ದದ್ದೆಲ್ಲ ಒರೆಸಿ ಹೋಗ್ತದೆ. ಮೊದಲು ಫೋಟೋ ಎಲ್ಲ ಕಂಪ್ಯೂಟರಿಗೆ ತೆಗೀತೇನೆ. ಇದ್ದಾವಾ ಅಂತ ನೀವೇ ನೋಡಿ."

ಕೆಂಚವ್ವ ಎಡಗೈಯಲ್ಲಿ ಫೋನು ತೆರೆದು ನನಗೆ ತೋರಿಸಿದಳು. ನಾಲ್ಕೂ ಇದ್ದವು. ಕೈ, ಏಪ್ರನ್ನು, ಕಡಾಯಿ. ಸ್ವಲ್ಪ ಮಸುಕಾಗಿ ಕಂಡವು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದೆ, ಆಗಲೂ ಮಸುಕೇ. ಅರವತ್ತೆರಡರ ಕಣ್ಣು ಅಂದುಕೊಂಡು, "ಇವೆ," ಎಂದೆ.

ಕೆಂಚವ್ವ ಫೋನನ್ನು ರಸೀನಾಳ ಮುಖಕ್ಕೇ ಹಿಡಿದಳು. "ನೀವೂ ಒಮ್ಮೆ ನೋಡ್ರಿ ರಸೀನಕ್ಕ. ನನ್ನ ಫೋಟೋದಾಗ ಮುಚ್ಚಿಡೂದು ಏನ್ ಐತಿ?"

ರಸೀನಾ ಮುಖ ಪಕ್ಕಕ್ಕೆ ತಿರುಗಿಸಿದಳು. "ಬೇಡ. ನಾನು ಯಾರ ಫೋಟೋವೂ ನೋಡುವುದಿಲ್ಲ. ಒಬ್ಬರದ್ದು ನೋಡಿದ್ರೆ ನಾಳೆ ಎಲ್ಲರದ್ದೂ ನೋಡಿದ ಹಾಗೆಯೇ."

ಫೋಟೋಗಳಿದ್ದ ಫೋಲ್ಡರನ್ನು ಕಂಪ್ಯೂಟರಿಗೆ ತೆಗೆದಳು. ಎಂಬತ್ತೆರಡು ಎಂದು ತೋರಿಸಿತು. ಎಣಿಕೆಯಲ್ಲಿ ತಪ್ಪಿಲ್ಲ ಎಂದಳು. ಫೋನಿನ ಬೀಗ ಕಳಚಿದಳು, ಹಳೆಯದನ್ನು ಒರೆಸಿದಳು. ಹೊಸದು ಕೂರಲು ಅರ್ಧ ಗಂಟೆ ಬೇಕಾಯಿತು. ಅನ್ಸಾರ್ ಪರದೆಯ ಸಂದಿನಿಂದ ಮೂರು ಸುಲೈಮಾನಿ ಚಹಾ ಒಳಗೆ ತಳ್ಳಿದ. ಎಂಬತ್ತೆರಡೂ ಮತ್ತೆ ಫೋನಿನೊಳಕ್ಕೆ ಹೋದವು.

ಕೆಂಚವ್ವ ತೆರೆದು ನೋಡಿದಳು. ಊರಿನವರು ಕಳಿಸಿದ ಮಗಳ ಮದುವೆಯ ಫೋಟೋ ಇತ್ತು. ಮೊಮ್ಮಗು ಇತ್ತು. ಯಾರೋ ಕಳಿಸಿದ ಶುಭೋದಯದ ಗುಲಾಬಿಗಳು ಬೇಕಾದಷ್ಟಿದ್ದವು. ಅವಳು ಮೇಲೆ ಸರಿಸಿದಳು, ಕೆಳಗೆ ಸರಿಸಿದಳು.

"ಕೈಯಿದ್ದು ಎಲ್ರಿ?"

ರಸೀನಾ ಫೋನು ಕಸಿದುಕೊಂಡಳು. ಕಟ್ಟಳೆ ಗಿಟ್ಟಳೆ ಎಲ್ಲ ಮರೆತು ಎಂಬತ್ತೆರಡನ್ನೂ ಒಂದೊಂದಾಗಿ ನೋಡಿದಳು. ಕಂಪ್ಯೂಟರಿನಲ್ಲಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಟೀಚರೇ, ನೀವು ನೋಡಿದಾಗ ಅದು ಸ್ಪಷ್ಟ ಇತ್ತಾ, ಮಸುಕಿತ್ತಾ?"

"ಮಸುಕಿತ್ತು. ನನ್ನ ಕಣ್ಣು ಅಂದುಕೊಂಡೆ."

ಅವಳು ಹಣೆ ಹಿಡಿದುಕೊಂಡಳು. ಫೋನಿನಲ್ಲಿ ಜಾಗ ಸಾಲದೆಂದು ಅದರ ಕ್ಯಾಮೆರಾದಲ್ಲಿ ತೆಗೆದ ಫೋಟೋಗಳ ಅಸಲು ಎಂದೋ ಅಫ್ರಾಜನ ಕೈಯಲ್ಲಿದ್ದ ಅಕೌಂಟಿಗೆ ಏರಿ ಕೂತಿತ್ತು. ಫೋನಿನೊಳಗೆ ಉಳಿದದ್ದು ಅಸಲಿನ ನೆರಳು. ಇಂಟರ್ನೆಟ್ಟು ಇದ್ದಾಗ ಬೆರಳು ಮುಟ್ಟಿಸಿದರೆ ಅಸಲು ಇಳಿದು ಬಂದು ಸ್ಪಷ್ಟವಾಗುತ್ತಿತ್ತು, ಇಲ್ಲದಾಗ ಮಸುಕು. ಆ ನೆರಳು ಫೋಲ್ಡರಿನ ಎಣಿಕೆಗೆ ಬರುವುದಿಲ್ಲ. ಆ ಮಸುಕನ್ನು ಒಂದು ಸಲ ಕಂಡಿದ್ದರೆ ಸಾಕಿತ್ತು, ರಸೀನಾಳಿಗೆ ಅರ್ಥವಾಗುತ್ತಿತ್ತು. ಅಲ್ಲೇ ಇಂಟರ್ನೆಟ್ಟು ಕೊಟ್ಟು ಅಸಲನ್ನು ಇಳಿಸಿಕೊಳ್ಳುತ್ತಿದ್ದಳು. ಅವಳು ಮುಖ ತಿರುಗಿಸಿದ್ದಳು.

"ಈಗ ಅಫ್ರಾಜನ ಅಕೌಂಟಿಂದ ತರಾಕ ಬರಂಗಿಲ್ಲೇನ್ರಿ?"

"ಪಾಸ್ವರ್ಡ್ ಬೇಕು ಕೆಂಚವ್ವ."

"ಹಂಗಾರ ಆತು ಬಿಡ್ರಿ," ಎಂದಳು ಕೆಂಚವ್ವ. ಚಹಾ ಕುಡಿದು ಲೋಟ ಕೆಳಗಿಟ್ಟಳು. ಅಳಲಿಲ್ಲ. ಅತ್ತದ್ದು ರಸೀನಾ.

ಭಾನುವಾರ ಹೋದೆವು. ಅಧಿಕಾರಿ ಕೆಟ್ಟವನಲ್ಲ. ಕಂಪನಿಯ ಕಾಗದ ಓದಿದ, ಕೆಂಚವ್ವನ ಕೈ ಹಿಡಿದು ತಿರುಗಿಸಿ ನೋಡಿದ. ಅಡಿಗೆಮನೆಯಲ್ಲಿ ಆದದ್ದಕ್ಕೆ ಏನಾದರೂ ಇದೆಯೇ ಎಂದು ಎರಡು ಸಲ ಕೇಳಿದ. ಫೋಟೋ ಇತ್ತು, ಹೋಯಿತು ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿತು. ಕಂಪನಿಯ ಪರವಾಗಿ ಬಂದಿದ್ದ ಅಫ್ರಾಜ್ ನನ್ನ ಕಡೆ ಬಾಗಿ ಕನ್ನಡದಲ್ಲಿ ಹೇಳಿದ, "ಫೋನ್ ಗೀನ್ ಎಲ್ಲ ಬದಲಾಯಿಸಿದ್ದೀರಂತೆ ಅಕ್ಕ. ಒಳ್ಳೇದಾಯ್ತು. ಖಲಾಸ್." ನಮ್ಮ ದೂರು ಅಲ್ಲಿಗೆ ಬಿದ್ದುಹೋಯಿತು.

ಮೂರು ವಾರಕ್ಕೆ ಕಂಪನಿಯವರು ಕೆಂಚವ್ವನ ಕರಾರು ಮುಗಿಸಿ ಊರಿಗೆ ಟಿಕೆಟ್ ಕೊಟ್ಟರು. ಹೋಗುವ ಮೊದಲು ಅಂಗಡಿಗೆ ಬಂದಳು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ತೋರಿಸು, ಅಲ್ಲಿ ಮಾಡುತ್ತಾರೆ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಕೇಳಿಸಿಕೊಳ್ಳುತ್ತಲೂ ಇದ್ದಳು, ನಂಬುತ್ತಿರಲಿಲ್ಲ.

ರಸೀನಾ ಕೈ ಮುಗಿಯಲು ಹೋದಳು. ಕೆಂಚವ್ವ ಎಡಗೈಯಿಂದ ಅದನ್ನು ತಡೆದಳು. "ಫೋನ್ ಚಲೋ ಐತ್ರಿ. ಯಾರೂ ಇಣಿಕಿ ನೋಡಂಗಿಲ್ಲ. ಬ್ಯಾಟ್ರಿನೂ ಎರಡ ದಿನ ಬರತೈತಿ." ಫೋನನ್ನು ಸೊಂಟಕ್ಕೆ ಸಿಕ್ಕಿಸುತ್ತ ಹೇಳಿದಳು, "ಎಡಗೈಲೆ ಒತ್ತೂದ ರೂಢಿ ಮಾಡಬೇಕು, ಅಷ್ಟ."

ರಸೀನಾ ಕಸುಬು ಬಿಟ್ಟಿಲ್ಲ. ಓಪನ್ ಸೋರ್ಸ್ ಹಾಕುವುದನ್ನೂ ಬಿಟ್ಟಿಲ್ಲ. ಅಫ್ರಾಜನಂಥವರು ಇರುವ ತನಕ ಅದು ಬೇಕು ಎನ್ನುತ್ತಾಳೆ, ನಾನೂ ಎನ್ನುತ್ತೇನೆ. ಆದರೆ ಈಗ ಒರೆಸುವ ಮೊದಲು ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಫೋಟೋ ತೆರೆದು ನೋಡುತ್ತಾಳೆ. ಹಮ್ರಿಯಾದಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು? ಅವಳೂ ನೋಡ್ತಾಳಂತೆ ಎಂದಾಯಿತು.

ಮೊನ್ನೆ ಒಬ್ಬ ಮಹಿಳೆ ಫೋನು ತಂದಿದ್ದಳು. ಫೋಟೋ ತೆರೆಯಬೇಕಾಗುತ್ತದೆ ಎಂದು ರಸೀನಾ ಹೇಳಿದ್ದೇ ತಡ, ಅವಳು ಮೇಜಿನ ಮೇಲಿದ್ದ ಫೋನನ್ನು ಎಳೆದುಕೊಂಡು ಚೀಲಕ್ಕೆ ಹಾಕಿ ಎದ್ದಳು. ಆ ದಿನ ಹೀಗೆ ಹೋದವರಲ್ಲಿ ಅವಳು ಮೂರನೆಯವಳು.

"ನೋಡುವುದಿಲ್ಲ ಅಂತ ಹೇಳಿ, ಆಮೇಲೆ ನೋಡಿದ್ರಾಯ್ತಲ್ಲ," ಎಂದ ಅನ್ಸಾರ್ ಹೊರಗಿನಿಂದ.

"ಹಾಗಾದ್ರೆ ನಂಗೂ ಅಫ್ರಾಜನಿಗೂ ಏನು ವ್ಯತ್ಯಾಸ?" ಎಂದಳು ರಸೀನಾ.

ಅನ್ಸಾರ್ ಮಿಷನ್ನು ತುಳಿಯತೊಡಗಿದ.