ಸ್ಕೋರು ಕೆಡಬಾರದು

ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರೂ ಫ್ರಿಜ್ ಕೊಳ್ಳಲು ಹೋದರು. ಅವನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಕಿಷ್ಕಿಂಧೆಯಂಥ ಕೋಣೆಗಳಲ್ಲಿ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ದುಡಿಯುವವನು. ಅವಳು ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗು ಕಿವಿಗೆ ತಕ್ಕಂತೆ ಫ್ರೇಮು ಕೂರಿಸುವವಳು. ಕಂತಿನಲ್ಲಿ ಕೊಂಡರಾಯಿತೆಂದು ನೀಲಿ ಬಣ್ಣದ್ದೊಂದನ್ನು ಆರಿಸಿ, ಬಾಗಿಲು ತೆಗೆದು ಹಾಕಿ, ಒಳಗೆ ಎಲ್ಲೆಲ್ಲಿ ಏನಿಡಬೇಕೆಂದು ಮಾತಾಡಿಕೊಂಡೂ ಆಗಿತ್ತು. ಅಷ್ಟರಲ್ಲಿ ಅಂಗಡಿಯ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತಿ ದನಿ ತಗ್ಗಿಸಿದಳು.

"ಸಾರ್, ನಿಮ್ಮ ಹೆಸರಿಗೆ ಸಾಲ ಬರ್ತಾ ಇಲ್ಲ. ಕ್ರೆಡಿಟ್ ಸ್ಕೋರು ತೀರಾ ಕಡಿಮೆ ಇದೆ."

"ನಾನು ಯಾರ ಹತ್ರಾನೂ ಸಾಲ ಮಾಡಿದವನೇ ಅಲ್ಲ."

"ಒಂದು ಮೊಬೈಲ್ ಸಾಲ ಇದೆಯಲ್ಲ ಸಾರ್. ಕೊನೇ ಕಂತುಗಳನ್ನ ಕಟ್ಟೇ ಇಲ್ಲ."

ಆಗ ನೆನಪಾಯಿತು. ಮದುವೆಗೆ ಮುಂಚೆ ಒಂದೇ ರೂಮಿನಲ್ಲಿದ್ದ ಗೆಳೆಯನೊಬ್ಬ, "ನಿನ್ನ ಹೆಸರಲ್ಲಿ ತಗೋತೀನಿ, ಕಂತು ನಾನೇ ಕಟ್ಕೋತೀನಿ ಕಣೋ" ಎಂದಿದ್ದ. ಇವನು ಹಿಂದೆಮುಂದೆ ನೋಡದೆ ಸಹಿ ಹಾಕಿದ್ದ. ಗೆಳೆಯ ಬೇರೆ ಊರಿಗೆ ಹೋಗಿದ್ದ, ಮೊಬೈಲೂ ಹೋಗಿತ್ತು, ಮಸಿ ಮಾತ್ರ ಇವನ ಹೆಸರಿಗೆ ಮೆತ್ತಿಕೊಂಡು ಉಳಿದಿತ್ತು.

ಬರಿಗೈಯಲ್ಲಿ ಮನೆಯ ದಾರಿ ಹಿಡಿದರು. ಅವಳೇ ಮಾತು ತೆಗೆದಳು. "ಫ್ರಿಜ್ ಇಲ್ದಿದ್ರೆ ಏನಂತೆ ರೀ? ನೀವು ಮಿಗಿಸಿದ್ರೆ ತಾನೇ ಒಳಗಿಡೋದು! ನೀವು ಪಾತ್ರೇನೂ ಬಿಡಲ್ಲ."

ಅವನಿಗೂ ನಗು ಬಂತು. ಆದರೆ ಹುಡುಗಿ ದನಿ ತಗ್ಗಿಸಿದ್ದು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಕಳ್ಳನಿಗೆ ಬುದ್ಧಿ ಹೇಳುವ ಹಾಗೆ ಹೇಳಿದಳಲ್ಲ ಎಂದು ಮುಳ್ಳು ಒಳಗೇ ಮುರಿದ ಹಾಗೆ ಚುಚ್ಚುತ್ತಲೇ ಇತ್ತು.

ಮರುವಾರವೇ ರಜೆ ಹಾಕಿ ಹೋಗಿ ಆ ಹಳೆಯ ಬಾಕಿಯನ್ನು ಬಡ್ಡಿ ಸಮೇತ ತೀರಿಸಿದ. ತೀರಿದೆಯೆಂಬ ಪತ್ರಕ್ಕಾಗಿ ಸಾಲ ಕೊಟ್ಟವರ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದ. ಸ್ವಲ್ಪ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಅದರ ಆಧಾರದ ಮೇಲೊಂದು ಕಾರ್ಡ್ ಮಾಡಿಸಿಕೊಂಡ. ಆ ಕಾರ್ಡಿನಲ್ಲಿ ಹಾಲು ಸೋಪಿನಂಥ ಸಣ್ಣಪುಟ್ಟ ಸಾಮಾನು ಬಿಟ್ಟರೆ ಇನ್ನೇನೂ ಕೊಳ್ಳುತ್ತಿರಲಿಲ್ಲ. ಖರ್ಚು ಮಿತಿಯ ಕಾಲು ಭಾಗ ದಾಟಿತೆಂದರೆ ಕಾರ್ಡು ಬೀರು ಸೇರುತ್ತಿತ್ತು. ಬಿಲ್ಲು ಬಂದ ದಿನವೇ ಪೂರ್ತಿ ಕಟ್ಟಿಬಿಡುತ್ತಿದ್ದ. ಮೂರು ನಾಲ್ಕು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಸ್ಕೋರು ಇಳಿಯುತ್ತದೆಂದು ಯಾರೋ ಹೇಳಿದ್ದರಿಂದ, ಸಾಲ ಕೊಡುತ್ತೇವೆಂದು ಫೋನ್ ಮಾಡಿದವರಿಗೆಲ್ಲ "ರಾಂಗ್ ನಂಬರ್" ಎನ್ನುತ್ತಿದ್ದ.

ಸ್ಕೋರು ಮಗುವಿನ ತೂಕದಂತೆ ಏರತೊಡಗಿತು. ಅವಳಿಗೆ ಅದೊಂದು ತಮಾಷೆ. ಸಂಜೆ ಅವನು ಬಾಗಿಲು ತಟ್ಟಿದರೆ, "ಬಂದ್ರಾ, ಏಳ್ನೂರ ಹನ್ನೆರಡು?" ಎಂದು ಒಳಗಿನಿಂದಲೇ ಕೂಗುವಳು. ಅಂಕ ಏರಿದ ತಿಂಗಳು ಹೊಸ ಹೆಸರು. ಅವರ ಜೊತೆಗೇ ಇದ್ದ ಅವಳ ತಾಯಿ, "ಏನೇ ಅದು, ಗಂಡನ್ನ ಖೈದಿ ಹಾಗೆ ನಂಬರಲ್ಲಿ ಕರೀತೀಯಾ!" ಎಂದು ಗದರಿ ತಾವೂ ನಗುತ್ತಿದ್ದರು.

ಅತ್ತೆ ಅಳಿಯನಿಗೆ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ಅತ್ತೆ ಲಿಫ್ಟಿಗೆ ಹೆದರಿ ಯಾವ ಕಟ್ಟಡಕ್ಕೆ ಹೋದರೂ ಮೆಟ್ಟಿಲೇ ಹತ್ತುವವರು. "ನೀವು ರಿಪೇರಿ ಮಾಡಿದ್ದು ಅಂತ ಗೊತ್ತಾದ್ರೆ ಮಾತ್ರ ಒಳಗೆ ಕಾಲಿಡ್ತೀನಿ ಅಳಿಯಂದ್ರೇ" ಎಂದು ಅವನನ್ನು ಉಬ್ಬಿಸುವರು. ಆಮೇಲಾಮೇಲೆ ಮೆಟ್ಟಿಲು ಹತ್ತಲಾಗದೆ ಅಲ್ಲಲ್ಲೇ ಕೂರತೊಡಗಿದರು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು ಎಂದರು ಡಾಕ್ಟರು.

"ಎಷ್ಟು ಬೇಗ ಆಗ್ಬೇಕು ಡಾಕ್ಟ್ರೇ?" ಅವನೇ ಕೇಳಿದ.

"ತಡ ಮಾಡ್ಬೇಡಿ. ಈ ತಿಂಗಳೊಳಗೆ ಆದ್ರೆ ಒಳ್ಳೇದು."

ಆ ಹೊತ್ತಿಗೆ ಸರಿಯಾಗಿ ಅವರ ಮನೆ ಸಾಲದ ಅರ್ಜಿ ಬ್ಯಾಂಕಿನಲ್ಲಿತ್ತು. ಎರಡು ಕೋಣೆ, ಅಡುಗೆಮನೆ, ಬಟ್ಟೆ ಒಣಹಾಕಲು ಒಂದು ಬಾಲ್ಕನಿ. ಇಬ್ಬರ ಸಂಬಳವನ್ನೂ ಸೇರಿಸಿ ಇಬ್ಬರ ಹೆಸರಿನಲ್ಲೂ ಹಾಕಿದ ಅರ್ಜಿ. ಬರುವ ವಾರವೋ ಅದರ ಮುಂದಿನ ವಾರವೋ ಮಂಜೂರಾಗಬೇಕಿತ್ತು. ಕೈಯಲ್ಲಿದ್ದ ಹಣವೆಲ್ಲ ಮನೆಯ ಮುಂಗಡಕ್ಕೆ ಹೋಗಿತ್ತು.

"ಆಪರೇಷನ್‌ಗೆ ಬೇರೆ ಸಾಲ ತಗೊಳ್ಳೋಣ ರೀ" ಎಂದಳು ಹೆಂಡತಿ.

"ತಗೊಳ್ಳೋಣ ಕಣೆ. ಆದ್ರೆ ಇವತ್ತು ಹೊಸ ಸಾಲ ತಗೊಂಡ್ರೆ ಸ್ಕೋರು ಬೀಳುತ್ತೆ, ಬ್ಯಾಂಕಿನವರು ಲೆಕ್ಕಾನೆಲ್ಲ ಮತ್ತೆ ಶುರು ಮಾಡ್ತಾರೆ. ಮನೆ ಕೈ ತಪ್ಪುತ್ತೆ. ಮಂಜೂರಾತಿ ಬಂದ ಮಾರನೇ ದಿನಾನೇ ತಗೊಳ್ಳೋಣ. ಡಾಕ್ಟ್ರೂ ಈ ತಿಂಗಳೊಳಗೆ ಅಂದಿದಾರಲ್ಲ?"

ಅವಳು ತಾಯಿಯ ಮುಖ ನೋಡಿದಳು. "ಮನೆ ಆಗ್ಲಿ ಬಿಡೇ, ನಾನೇನು ಇವತ್ತೇ ಓಡಿ ಹೋಗ್ತೀನಾ?" ಎಂದರು ತಾಯಿ. ಅವನ ಎದೆಯ ಮೇಲಿನ ಭಾರ ಇಳಿದಂತಾಯಿತು.

ಮಂಜೂರಾತಿ ಬಂತು. ಮಾರನೆಯ ದಿನವೇ ಎರಡನೇ ಸಾಲಕ್ಕೆ ಅರ್ಜಿ ಹಾಕಿದ, ಆಪರೇಷನ್ ದಿನವನ್ನೂ ಗೊತ್ತುಮಾಡಿದ. ಆ ದಿನಕ್ಕೆ ಇನ್ನೂ ಸ್ವಲ್ಪ ಕಾಲವಿರುವಾಗ ಒಂದು ಸಂಜೆ, ಒಣಗಿದ ಬಟ್ಟೆಗಳನ್ನು ಮಡಿಸುತ್ತಾ ಕೂತಿದ್ದ ಅತ್ತೆ ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಆಪರೇಷನ್ ಮಾಡಿದ್ರೂ ಉಳೀತಿದ್ರು ಅಂತ ಹೇಳೋಕಾಗಲ್ಲ" ಎಂದರು ಡಾಕ್ಟರು. ಅವನು ಆ ಮಾತನ್ನು ಹೋದಲ್ಲಿ ಬಂದಲ್ಲಿ ಎಲ್ಲರಿಗೂ ಹೇಳಿದ. ಅವಳು ಯಾರಿಗೂ ಹೇಳಲಿಲ್ಲ. ಅಳಲೂ ಇಲ್ಲ. ಗಂಡನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿದ್ದು ಬಹಳ ತಡವಾಗಿ.

ಹೊಸ ಮನೆಗೆ ಬಂದರು. ಒಂದು ಕೋಣೆಯಲ್ಲಿ ಇಬ್ಬರು, ಇನ್ನೊಂದು ಖಾಲಿ. ಅವಳು ಅಡುಗೆ ಮಾಡುತ್ತಿದ್ದಳು, ಕೆಲಸಕ್ಕೆ ಹೋಗುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಬಾಗಿಲು ತಟ್ಟಿದರೆ ಬಂದು ತೆಗೆಯುತ್ತಿದ್ದಳು, ಅಷ್ಟೇ. ಸಾಲ ಎಷ್ಟಿದೆ, ಸ್ಕೋರು ಎಷ್ಟಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ಭಾನುವಾರ ಖಾಲಿ ಕೋಣೆಯನ್ನು ಗುಡಿಸಿ ಬಂದು ಅವನೆದುರು ಕೂತಳು.

"ನಾನು ಹೋಗ್ತೀನಿ ರೀ. ಅಂಗಡಿ ಮೇಲೆ ಒಂದು ರೂಮಿದೆ, ಕೊಡ್ತೀನಿ ಅಂದಿದಾರೆ."

"ಯಾಕೆ? ನಾನೇನು ಮಾಡ್ದೆ?" ಎಂದವನಿಗೆ ತಾನು ಕೇಳಿದ ಪ್ರಶ್ನೆ ತನ್ನ ಕಿವಿಗೇ ಒರಟಾಗಿ ಕೇಳಿಸಿತು.

"ಜಗಳ ಏನಿಲ್ಲ" ಎಂದಳು. "ಇಲ್ಲಿ ನಂಗೆ ಉಸಿರು ಕಟ್ಟುತ್ತೆ."

ಸಾಲದಿಂದ ಅವಳ ಹೆಸರು ತೆಗೆಸಲು ಅವನು ಬ್ಯಾಂಕಿಗೆ ಹೋದ. ನಿಮ್ಮೊಬ್ಬರ ಸಂಬಳಕ್ಕೆ ಇಷ್ಟು ಸಾಲ ಬರುವುದಿಲ್ಲ ಎಂದರು. ಅವಳಿಗೆ ಹೇಳಿದಾಗ, "ನನ್ನ ಪಾಲಿಂದು ನಾನು ಹಾಕ್ತೀನಿ ಬಿಡಿ. ಕಷ್ಟಪಟ್ಟು ಕಟ್ಟಿದ್ದು, ನಿಮ್ಮ ಹೆಸರು ಕೆಡೋದು ಬೇಡ" ಎಂದಳು. ಆ ಮಾತಿನಲ್ಲಿ ಕೊಂಕಿದೆಯೇ ಎಂದು ಅವನು ಎಷ್ಟೋ ದಿನ ತಿರುವಿ ತಿರುವಿ ನೋಡಿದ. ಇರಲಿಲ್ಲ. ಅದೇ ಅವನನ್ನು ಹೆಚ್ಚು ಕೊಂದಿತು.

ಅಲ್ಲಿಂದ ಮುಂದೆ ಅವರ ಸಂಸಾರವೆಂದರೆ ತಿಂಗಳಿಗೆರಡು ಮಾತು. ಕಂತಿನ ಹಿಂದಿನ ದಿನ ಅವಳ ಸಂದೇಶ ಬರುತ್ತಿತ್ತು: "ಹಾಕಿದೀನಿ." ಇವನದು: "ಬಂತು." ಕೆಲವೊಮ್ಮೆ "ಬಂತು, ಹೇಗಿದೀಯ?" ಎಂದು ಬರೆದು, ಅರ್ಧ ಅಳಿಸಿ ಕಳಿಸುತ್ತಿದ್ದ. ಹೀಗೇ ವರ್ಷಗಳು ಉರುಳಿದವು. ಒಂದು ಕಂತೂ ತಪ್ಪಲಿಲ್ಲ. ಇಬ್ಬರ ಸ್ಕೋರೂ ಎಂಟುನೂರು ದಾಟಿತು. ಲಿಫ್ಟ್ ಕಂಪನಿಯ ಎಳೆಯರು ಅವನ ಹತ್ತಿರ ಬಂದು "ಅಣ್ಣ, ಅದನ್ನ ಹೇಗೆ ಏರಿಸೋದು?" ಎಂದು ಕೇಳುವರು. ಅವನು ಎಲ್ಲವನ್ನೂ ಬಿಡಿಸಿ ಹೇಳುವನು. ಕೊನೆಗೆ, "ಆದ್ರೆ ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಇದನ್ನೆಲ್ಲ ಮರೆತುಬಿಡ್ರೋ" ಎನ್ನುವನು. ಅವರು ತಮಾಷೆಯೆಂದು ನಗುವರು.

ಒಂದು ತಿಂಗಳು ಕಂತಿನ ಹಿಂದಿನ ದಿನ ಸಂದೇಶ ಬರಲಿಲ್ಲ. ಮರುದಿನ ಅವಳ ಪಾಲನ್ನೂ ತಾನೇ ತುಂಬಿ ಮಧ್ಯಾಹ್ನದವರೆಗೆ ಕಾದ. ಆಮೇಲೆ ಫೋನ್ ಮಾಡಿದ. ಎತ್ತಿದ್ದು ಕನ್ನಡಕದ ಅಂಗಡಿಯ ಯಜಮಾನರು.

"ಅಂಗಡೀಲೇ ಕುಸಿದುಬಿಟ್ರಪ್ಪ. ಗರ್ಭಕೋಶದಲ್ಲಿ ಗಡ್ಡೆ ಇತ್ತಂತೆ, ಯಾರಿಗೂ ಹೇಳಿಲ್ಲ. ರಕ್ತ ಹೋಗ್ತಾ ಇದೆ. ಆಪರೇಷನ್ ಮಾಡ್ಬೇಕಂತೆ, ದುಡ್ಡು ಮೊದ್ಲು ಕಟ್ಟಿ ಅಂತಿದಾರೆ. ನನ್ನ ಕೈಲಿದ್ದಷ್ಟು ಕೊಟ್ಟಿದೀನಿ, ಸಾಲ್ತಾ ಇಲ್ಲ."

ಉಪಕರಣದ ಚೀಲವನ್ನೂ ಇಳಿಸದೆ ಆಸ್ಪತ್ರೆಗೆ ಓಡಿದ. ಕೌಂಟರಿನ ಮುಂದೆ ನಿಂತು ಮೊಬೈಲು ತೆಗೆದು ಬ್ಯಾಂಕಿನ ಆ್ಯಪ್ ಒತ್ತಿದ. ನಿಮ್ಮ ಸ್ಕೋರು ಅತ್ಯುತ್ತಮವಾಗಿದೆ, ಎಷ್ಟು ಬೇಕು ಎಂದು ಕೇಳಿತು. ಹೇಳಿದ. ಹೆಬ್ಬೆರಳಿಗಂಟಿದ್ದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದ. ಕೌಂಟರಿನವಳು ರಸೀದಿ ಪುಸ್ತಕ ಹುಡುಕಿ ತೆಗೆಯುವಷ್ಟರಲ್ಲಿ ಹಣ ಬಂದು ಬಿದ್ದಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಅವಳು ಕಣ್ಣು ಬಿಟ್ಟಾಗ ಅವನು ಸ್ಟೂಲಿನ ಮೇಲೆ ಕೂತಿದ್ದ.

"ಈ ತಿಂಗಳು ಹಾಕೋಕಾಗ್ಲಿಲ್ಲ" ಎಂದಳು.

"ಅಯ್ಯೋ, ಅದಿರಲಿ ಬಿಡೆ."

"ಇಲ್ಲಿಗೆ ದುಡ್ಡು ಎಲ್ಲಿಂದ ಬಂತು?"

"ಸಾಲ ತಗೊಂಡೆ. ಮೊಬೈಲಲ್ಲೇ."

"ಸಿಗೋಕೆ ಎಷ್ಟು ಹೊತ್ತು ಹಿಡೀತು?"

ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವನಿಗೆ ಗೊತ್ತಾಯಿತು. ಸುಳ್ಳು ಹೇಳಬಹುದಿತ್ತು. ಅಲ್ಲಿ ಇಲ್ಲಿ ಅಲೆದೆ, ತುಂಬಾ ಕಷ್ಟವಾಯಿತು ಎನ್ನಬಹುದಿತ್ತು.

"ಐದು ನಿಮಿಷ" ಎಂದ.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. "ಅಮ್ಮಂಗೂ ಇಷ್ಟೇ ಹೊತ್ತು ಸಾಕಾಗಿತ್ತಾ?"

"ಸ್ವಲ್ಪ ಜಾಸ್ತಿ ಆಗ್ತಿತ್ತೇನೋ. ಒಂದಿನ, ಎರಡು ದಿನ." ಅವನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. "ಸಾಕಾಗಿತ್ತು ಕಣೆ."

ಆಗ ಅವಳು ಅತ್ತಳು. ತಾಯಿ ಸತ್ತ ದಿನ ಅಳದವಳು, ಹೊಸ ಮನೆಗೆ ಬಂದಾಗ ಅಳದವಳು, ಬಿಟ್ಟು ಹೋಗುವಾಗಲೂ ಅಳದವಳು ಈಗ ಹೊಟ್ಟೆಯ ಮೇಲೆ ಎರಡೂ ಕೈಯೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನರ್ಸು ಓಡಿ ಬಂದು, "ಅಳ್ಬೇಡಿ, ಹೊಲಿಗೆ ಬಿಚ್ಕೊಳ್ಳುತ್ತೆ" ಎಂದು ಗದರಿದಳು. ಅವಳು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಳು ನಿಂತ ಮೇಲೆ ಮೆಲ್ಲಗೆ ಬಿಟ್ಟಳು.

ಆ ತಿಂಗಳು ಅವನ ಸ್ಕೋರು ಹತ್ತು ಹನ್ನೊಂದು ಅಂಕ ಇಳಿಯಿತು, ಅಷ್ಟೇ. ಸ್ವಲ್ಪ ಕಾಲಕ್ಕೆ ಮತ್ತೆ ಮೇಲೇರಿತು. ಯಾವುದೋ ಕಟ್ಟಡದ ಮೆಷಿನ್ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಅದನ್ನು ನೋಡಿದವನು, ಯಾರಿಗೂ ಕೇಳಿಸದ ಆ ಎತ್ತರದಲ್ಲಿ ಮೊಣಕಾಲ ಮೇಲೆ ತಲೆಯಿಟ್ಟು ಅತ್ತ. ಇಷ್ಟಕ್ಕಾಗಿ ಹೆದರಿದೆನೇ? ಇಷ್ಟೇ ಇಷ್ಟಕ್ಕೆ?

ಅವಳು ಚೇತರಿಸಿಕೊಂಡ ಮೇಲೆ ಒಮ್ಮೆ ಧೈರ್ಯ ಮಾಡಿ ಕೇಳಿದ. "ಮನೆಗೆ ಬಾ."

"ನಿಮ್ಮ ಮೇಲೆ ಸಿಟ್ಟಿಲ್ಲ ರೀ. ಈಗ ನಿಜವಾಗ್ಲೂ ಇಲ್ಲ. ಆದ್ರೆ ಆ ಮನೆ ಬಾಗಿಲು ತೆಗೆದಾಗಲೆಲ್ಲ, ಅಮ್ಮನ್ನ ಕೊಟ್ಟು ತಗೊಂಡಿದ್ದು ಅನ್ಸುತ್ತೆ."

ಅವನು ಮನೆ ಮಾರಿದ. ಬಂದ ಹಣದಲ್ಲಿ ಸಾಲಗಳೆಲ್ಲ ತೀರಿ, ಮಿಕ್ಕಿದ್ದನ್ನು ಇಬ್ಬರೂ ಹಂಚಿಕೊಂಡರು. ಕೊನೆಯ ಸಹಿಗೆ ಇಬ್ಬರೂ ಬ್ಯಾಂಕಿಗೆ ಬಂದಿದ್ದ ದಿನ ಮ್ಯಾನೇಜರ್ ಎದ್ದು ನಿಂತು ಕೈ ಕುಲುಕಿದರು. "ನಿಮ್ಮಂಥ ಜೋಡಿ ಅಪರೂಪ. ಒಂದು ದಿನ ತಡ ಇಲ್ಲ, ಒಂದು ತಪ್ಪಿಲ್ಲ. ಮುಂದೆ ಏನೇ ಬೇಕಾದ್ರೂ ನಮ್ಮ ಹತ್ರಾನೇ ಬನ್ನಿ."

ಇಬ್ಬರೂ ನಕ್ಕು ಹೊರಗೆ ಬಂದರು.

ಬಸ್ ಸ್ಟಾಪಿನಲ್ಲಿ ಅಕ್ಕಪಕ್ಕ ನಿಂತರು. ಊಟ ಸರಿಯಾಗಿ ಮಾಡುತ್ತಿದ್ದೀರಾ ಎಂದು ಅವಳು ಕೇಳಿದಳು, ಮಾತ್ರೆ ತಪ್ಪಿಸಬೇಡ ಎಂದು ಅವನು ಹೇಳಿದ. ಈಚೆಗೆ ಅವನಿಗೂ ಕನ್ನಡಕ ಬಂದಿತ್ತು. ಎಲ್ಲೋ ಅಗ್ಗಕ್ಕೆ ಕೊಂಡದ್ದು.

"ಒಂದು ಕಡೆ ವಾಲಿದೆ, ಕೊಡಿ ಇಲ್ಲಿ" ಎಂದು ಅವಳೇ ತೆಗೆದುಕೊಂಡು ಕಡ್ಡಿಗಳನ್ನು ಹದವಾಗಿ ಬಗ್ಗಿಸಿದಳು. ಸೆರಗಿನಿಂದ ಗಾಜು ಒರೆಸಿ ಅವನ ಮುಖಕ್ಕೆ ಹಾಕಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಿದಳು. "ಈಗ ಒತ್ತಲ್ಲ ಅಲ್ವಾ?"

"ಇಲ್ಲ" ಎಂದ.

ಅವಳ ಬಸ್ಸು ಬಂತು. ಹತ್ತಿ, ಕಿಟಕಿಯ ಪಕ್ಕ ಜಾಗ ಸಿಗದೆ ಆಚೆ ಬದಿಗೆ ಹೋಗಿ ಕೂತಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ನಿಂತೇ ಇದ್ದ. ಜೇಬಿನಲ್ಲಿ ಬಡಿದುಕೊಳ್ಳುತ್ತಿದ್ದ ಮೊಬೈಲನ್ನು ಎತ್ತಿದ. ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದೆ, ಒಳಗೊಬ್ಬರು ವಯಸ್ಸಾದ ಹೆಂಗಸು ಇದ್ದಾರೆ, ಬೇಗ ಬಾ ಎಂದರು ಕಂಪನಿಯವರು. ಕಾಲ ಬಳಿಯಿದ್ದ ಉಪಕರಣದ ಚೀಲವನ್ನು ಹೆಗಲಿಗೇರಿಸಿ ಅವನು ಓಡಿದ.